ನಾಲ್ಕು ಕೆಂಪು ಗಂಟಿನ ಹಗ್ಗ

ಮೇ 4, ಸೋಮವಾರ

ನಮ್ಮ ಕಚೇರಿ ಹದಿನೈದು ವರ್ಷಗಳಿಂದ ದೇಶಕ್ಕೆ ಸುಳ್ಳು ಹೇಳುತ್ತಿದೆ. ಬೆಳೆಯದ ಗೋಧಿಯನ್ನು ಬೆಳೆದಿದೆ ಎಂದು ಬರೆದಿದೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಅದನ್ನು ನಾನೇ ಕಣ್ಣಾರೆ ಕಂಡೆ.

ಬೆಳೆ ಅಂಕಿಅಂಶ ಕಚೇರಿಗೆ ಸೇರಿ ಆರು ವಾರವಾಯಿತು. ಮೂವತ್ತು ವರ್ಷಗಳ ಬೆಳೆಯ ಕಥೆಯನ್ನು ಒಂದೇ ಪುಸ್ತಕವಾಗಿ ಅಚ್ಚು ಹಾಕಿಸುತ್ತಾರಂತೆ. ಅದಕ್ಕಾಗಿ ಮೂವತ್ತು ದಪ್ಪ ರಿಜಿಸ್ಟರುಗಳಿಂದ ಅಂಕಿಗಳನ್ನು ಒಂದೇ ದೊಡ್ಡ ಪಟ್ಟಿಗೆ ಇಳಿಸುವುದು ನನ್ನ ಕೆಲಸ. ಇಷ್ಟು ದಿನ ಆಲೂಗಡ್ಡೆ, ಜೋಳ, ಹಾಲು. ಇವತ್ತು ಗೋಧಿ. ಹದಿನೈದನೇ ವರ್ಷ ಹೆಕ್ಟೇರಿಗೆ 2,140 ಕಿಲೋ. ಹದಿನಾರನೇ ವರ್ಷ 2,400! ಒಂದೇ ವರ್ಷದಲ್ಲಿ ಇನ್ನೂರ ಅರವತ್ತು ಕಿಲೋ ಹೆಚ್ಚು. ಅದೇ ರಿಜಿಸ್ಟರಿನ ಮಳೆಯ ಪುಟ ತೆಗೆದು ನೋಡಿದೆ, ಮಳೆ ಹೆಚ್ಚಿಲ್ಲ. ಗೊಬ್ಬರ ಹೆಚ್ಚಿಲ್ಲ. ಬೀಜವೂ ಅದೇ. ಹಾಗಾದರೆ ಗೋಧಿ ಎಲ್ಲಿಂದ ಬಂತು? ಮೇಜಿನಿಂದ ಬಂತು!

ಆ ಪುಟದ ಕೆಳಗೆ ಸಹಿ ಹಾಕಿರುವವನು ಇವತ್ತು ನಮ್ಮ ವಿಭಾಗದ ಮುಖ್ಯಸ್ಥ. ಕಚೇರಿಯಲ್ಲಿ ಎಲ್ಲರೂ ಅವನನ್ನು ರಬ್ಬರ್ ಎನ್ನುತ್ತಾರೆ. ಅಂಗಿಯ ಗುಂಡಿಗೆ ದಾರ ಕಟ್ಟಿ ಅಳಿಸುವ ರಬ್ಬರನ್ನು ನೇತುಹಾಕಿಕೊಂಡಿರುತ್ತಾನೆ. ಪೆನ್ಸಿಲಿನಲ್ಲಿ ಬರೆಯುತ್ತಾನೆ, ಅಳಿಸುತ್ತಾನೆ, ಊದುತ್ತಾನೆ, ಮತ್ತೆ ಬರೆಯುತ್ತಾನೆ. ಜನರ ಅನ್ನದ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆಯುವವನನ್ನು ನಂಬುವುದು ಹೇಗೆ? ನಾನು ಶಾಯಿಯಲ್ಲೇ ಬರೆಯುತ್ತೇನೆ. ಜೀವನಪೂರ್ತಿ ಶಾಯಿಯಲ್ಲೇ.

ಮೇ 5, ಮಂಗಳವಾರ

ನೇರವಾಗಿ ಕೇಳಿಬಿಟ್ಟೆ. "ಸರ್, ಹದಿನಾರನೇ ವರ್ಷ ಗೋಧಿ ಯಾಕೆ ಹೀಗೆ ಜಿಗಿದಿದೆ?"

ರಬ್ಬರ್ ತಲೆ ಎತ್ತಲಿಲ್ಲ. "ಇದ್ದದ್ದನ್ನ ಇದ್ದ ಹಾಗೆ ಬರೀರಿ."

"ಇದ್ದದ್ದು ಅಂತ ಹೇಗೆ ಗೊತ್ತು?"

ಆಗ ತಲೆ ಎತ್ತಿದ. ನನ್ನನ್ನಲ್ಲ, ಕಿಟಕಿಯನ್ನು ನೋಡಿದ. "ಪಟ್ಟಿ ಮುಗಿಸಿ. ಆಮೇಲೆ ಮಾತಾಡೋಣ."

ಬೇರೆ ಸಾಕ್ಷಿ ಬೇಕೆ?

ಮೇ 7, ಗುರುವಾರ

ಇನ್ನೊಂದು ಸಿಕ್ಕಿತು. ಏಳನೇ ವರ್ಷದಿಂದ ಒಂಬತ್ತನೇ ವರ್ಷದವರೆಗೆ ಗೋಧಿ ಜಾರುತ್ತಾ ಬಂದಿದೆ. 2,360 ಇದ್ದದ್ದು 2,110ಕ್ಕೆ ಇಳಿದು ಅಲ್ಲೇ ಕುಂಟುತ್ತಿದೆ. ಪಕ್ಕದಲ್ಲಿ ಆಗಿನ ಯಾರೋ "ಬೀಜ ಕಳಪೆ, ರೈತರ ಉದಾಸೀನ" ಎಂದು ಬರೆದಿದ್ದಾರೆ. ಆಹಾ! ಬೆಳೆ ಬಿದ್ದರೆ ರೈತನ ತಪ್ಪು, ಎದ್ದರೆ ಸಾಹೇಬರ ಸಾಧನೆ.

ಸಂಜೆ ಅಚ್ಚಣ್ಣನ ಮುದ್ರಣದ ಮಳಿಗೆಗೆ ಹೋದೆ. ನಾನು ಓದಿದ ಕರಪತ್ರಗಳೆಲ್ಲ ಅವನ ಯಂತ್ರದಿಂದ ಬಂದವು. ನನಗೆ ಕಣ್ಣು ತೆರೆಸಿದವನೇ ಅವನು. ಎಲ್ಲ ಹೇಳಿದೆ. ಶಾಯಿ ಮೆತ್ತಿದ ಕೈಯನ್ನು ಮೇಜಿಗೆ ಬಡಿದ.

"ಬರಿ ತಂಗಿ! ಒಂದೇ ಹಾಳೆ, ಒಂದೇ ಮಗ್ಗುಲು. ಸಾವಿರ ಪ್ರತಿ ನಂದು. ಹದಿನೇಳನೇ ತಾರೀಕು, ಭಾನುವಾರದ ಸಂತೆಯಲ್ಲಿ ಹಂಚೋಣ."

ಸಾವಿರ ಪ್ರತಿ. ನನ್ನ ಮಾತು.

ಮೇ 9, ಶನಿವಾರ

ಅತ್ತೆಯ ಜೊತೆ ಜಗಳ. ಅತ್ತೆ ಅಂದರೆ ಅಪ್ಪನ ಅಕ್ಕ, ನಾನು ಅವಳ ಮನೆಯಲ್ಲೇ ಇರುವುದು. ಇಪ್ಪತ್ತೊಂದು ವರ್ಷ ಇದೇ ಕಚೇರಿಯ ಅಳತೆಗಾರ್ತಿಯಾಗಿ ಹೊಲ ಹೊಲ ತಿರುಗಿದವಳು. ಕೆಲಸಕ್ಕೆ ನನ್ನ ಅರ್ಜಿ ಬರೆದುಕೊಟ್ಟವಳೂ ಅವಳೇ. ಬಟಾಣಿ ಬಿಡಿಸುತ್ತಾ ಕೂತಿದ್ದಳು. ಅಂಕಿಯೆಲ್ಲ ಬೊಗಳೆ ಎಂದೆ.

"ಬೊಗಳೆನಾ? ಗೋಧಿ ಹೇಗೆ ಅಳೀತಾರೆ ಅಂತ ಗೊತ್ತಾ ನಿಂಗೆ?"

"ಹೇಗೆ?"

"ಚೀಟಿ ಎತ್ತಿ ಹೊಲ ಆರಿಸ್ತಾರೆ. ಬೆಳೆ ಮಧ್ಯೆ ನಾಲ್ಕು ಗೂಟ ಹೊಡೆದು, ಹಗ್ಗ ಸುತ್ತಿ, ಐದು ಮೀಟರಿಗೆ ಐದು ಮೀಟರ್ ಚೌಕ ಮಾಡೋದು. ಚೌಕದ ಒಳಗಿರೋದನ್ನ ಮಾತ್ರ ಕೊಯ್ದು, ಬಡಿದು, ಒಣಗಿಸಿ ತೂಗೋದು. ಅದರ ಮೇಲೆ ಲೆಕ್ಕ."

"ಇಡೀ ದೇಶದ ಅನ್ನ ಒಂದು ಹಗ್ಗದ ಮೇಲೆ?"

"ಒಂದಲ್ಲ, ಸಾವಿರಾರು ಹಗ್ಗ. ನನ್ನ ಹಗ್ಗದ ಹಾಗೆ ಶುಭ್ರವಾಗಿ ಯಾರೂ ಇಟ್ಟಿರಲಿಲ್ಲ ಬಿಡು. ಮೇಲಿನವರೇ ಹೇಳಿದ್ರು." ಒಂದು ಬಟಾಣಿ ನನ್ನ ಕಡೆ ಎಸೆದಳು. "ಅಲ್ಲ ಕಣೇ, ಗೋಧಿ ಗಿಡ ನೋಡಿದೀಯಾ ನೀನು?"

"ಚಿತ್ರದಲ್ಲಿ ನೋಡಿದೀನಿ."

ಅವಳು ನಕ್ಕ ರೀತಿಗೆ ಎದ್ದು ಬಂದುಬಿಟ್ಟೆ.

ಮೇ 12, ಮಂಗಳವಾರ

ಬರೆದು ಮುಗಿಸಿದೆ. ತಲೆಬರಹ: "ನಿಮ್ಮ ತಟ್ಟೆಯ ಎಂಟರಲ್ಲಿ ಒಂದು ತುತ್ತು ಬರೀ ಕಾಗದ!" ಎರಡನೇ ಪ್ಯಾರಾದಲ್ಲಿ "ಬೆಳೆ ಅಂಕಿಅಂಶ ಕಚೇರಿಯ ವಿಭಾಗ ಮುಖ್ಯಸ್ಥನೆಂಬ ಲೆಕ್ಕಗಳ್ಳ" ಎಂದು ಹೆಸರು ಒಂದು ಬಿಟ್ಟು ಎಲ್ಲ ಹೇಳಿದ್ದೇನೆ. ಕೊನೆಯ ಸಾಲು: "ಇರುವಾಗಲೇ ಮನೆಗೆ ಕಾಳು ತಂದಿಟ್ಟುಕೊಳ್ಳಿ. ನಾಳೆ ಸಿಗುವುದಿಲ್ಲ."

ಓದಿದಾಗ ಮೈ ಜುಮ್ಮೆಂದಿತು.

ಮೇ 14, ಗುರುವಾರ

ಊಟ ಸೇರುತ್ತಿಲ್ಲ. ರೊಟ್ಟಿಯನ್ನು ಎಂಟು ತುಂಡು ಮಾಡಿ ಒಂದನ್ನು ತಟ್ಟೆಯ ಅಂಚಿಗೆ ತಳ್ಳಿದೆ. ಇದು ಇಲ್ಲ ಎಂದುಕೊಂಡು ಉಳಿದ ಏಳನ್ನು ತಿನ್ನಲು ನೋಡಿದೆ. ಹದಿನೈದು ವರ್ಷ ಇಲ್ಲದ ಗೋಧಿಯನ್ನು ಇದೆ ಎಂದು ನಂಬಿದ್ದರೆ, ಇಲ್ಲ ಎಂದು ಗೊತ್ತಾಗುವ ದಿನ ಯಾವುದು? ಬೀದಿಯ ಕೊನೆಯ ಬೇಕರಿಯ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದವು. ಎಣಿಸುತ್ತಾ ಹೋದೆ, ಎಂಟನೆಯ ಮಗುವಿಗೆ ಬಂದಾಗ ಎಣಿಕೆ ನಿಂತಿತು. ಕರಪತ್ರದಲ್ಲಿ ಬರೆಯುವಾಗ ಹೀಗಾಗಿರಲಿಲ್ಲ.

"ಆ ತುಂಡು ಯಾರಿಗೆ, ಕಾಗೆಗಾ?" ಎಂದಳು ಅತ್ತೆ.

ಅವಳೇ ಎತ್ತಿ ಬಾಯಿಗೆ ಹಾಕಿಕೊಂಡಳು.

ಮೇ 15, ಶುಕ್ರವಾರ

ಅಚ್ಚಾಯಿತು. ಸಾವಿರ ಹಾಳೆ ಈಗ ನನ್ನ ಮಂಚದ ಕೆಳಗಿದೆ. ಕೋಣೆ ತುಂಬ ಶಾಯಿಯ ವಾಸನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಚ್ಚಣ್ಣ ಗಾಡಿ ತರುತ್ತಾನೆ.

ಮೇ 16, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಕಟ್ಟು ಕಟ್ಟಲು ಹಗ್ಗ ಬೇಕಿತ್ತು. ಅಟ್ಟ ಹತ್ತಿ ನೋಡಿದರೆ ಹಳೆಯ ಬಟ್ಟೆಯ ಗಂಟಿನೊಳಗೆ ಒಂದು ಹತ್ತಿಯ ಹಗ್ಗದ ಸುರುಳಿ. ಬೆಳ್ಳಗೆ, ಒತ್ತಾಗಿ. ಎರಡೂ ತುದಿ ಒಂದಕ್ಕೊಂದು ಸೇರಿವೆ, ಅಲ್ಲಲ್ಲಿ ಕೆಂಪು ಬಟ್ಟೆಯ ಗಂಟು, ಒಟ್ಟು ನಾಲ್ಕು. ಕಟ್ಟಿಗೆ ಸುತ್ತಿ ಬಿಗಿದು, ಉಳಿದದ್ದನ್ನು ಕತ್ತರಿಸೋಣ ಎಂದು ಕತ್ತರಿ ತೆಗೆದೆ.

"ಕತ್ತರಿ ಇಟ್ಟೆಯೋ, ಕೈ ಮುರೀತೀನಿ!" ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ನನ್ನ ಹಗ್ಗ ಅದು. ಸ್ಟೀಲ್ ಟೇಪು ಬಂದಾಗ ಎಲ್ಲರೂ ವಾಪಸ್ ಕೊಟ್ರು, ನಾನು ಕೇಳಿ ಇಸ್ಕೊಂಡೆ. ಒಂಬತ್ತು ವರ್ಷ ಅಳೆದಿದೀನಿ ಅದರಲ್ಲಿ. ಗಂಟಿಂದ ಗಂಟಿಗೆ ಐದು ಮೀಟರ್."

ಗಂಟಿಂದ ಗಂಟಿಗೆ ಐದು ಮೀಟರ್ ಎಂದರೆ ನನ್ನ ಕೋಣೆಯಲ್ಲಿ ಹಿಡಿಯಲಾರದು. ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಮೀಟರ್ ಎಂಬತ್ತು. ಮಂಚ ತಂದಾಗ ನಾನೇ ಅಳೆದಿದ್ದೆ. ಕಟ್ಟು ಬಿಚ್ಚಿ, ಒಂದು ಗಂಟನ್ನು ಈ ಗೋಡೆಗೆ ಒತ್ತಿ, ಎಳೆದೆ. ಇನ್ನೊಂದು ಗಂಟು ಆ ಗೋಡೆಯ ಈಚೆಗೇ ನಿಂತಿತು.

ಅತ್ತೆಯ ಹೊಲಿಗೆ ಟೇಪು ತಂದು ಅಳೆದೆ. ನಾಲ್ಕು ಮೀಟರ್ ಎಪ್ಪತ್ತೆರಡು. ಇನ್ನೊಂದು ಬದಿ? ಎಪ್ಪತ್ತೆರಡು. ಮೂರನೆಯದು ಎಪ್ಪತ್ತೊಂದು. ನಾಲ್ಕನೆಯದು ಎಪ್ಪತ್ಮೂರು.

"ಅತ್ತೆ, ಇದನ್ನ ಶುಭ್ರವಾಗಿ ಇಟ್ಟಿದ್ದೆ ಅಂದ್ಯಲ್ಲ. ಹೇಗೆ?"

"ಬಿಸಿನೀರಲ್ಲಿ ತೊಳೆದು. ಪ್ರತಿ ಹೊಲದ ಕೊಯ್ಲು ಮುಗಿದ ಮೇಲೆ ಕುದಿಯೋ ನೀರಿಗೆ ಹಾಕಿ ಒಣಗಿಸೋದು. ಮಣ್ಣಿನ ಹಗ್ಗದಿಂದ ಒಂದು ಹೊಲದ ರೋಗ ಇನ್ನೊಂದು ಹೊಲಕ್ಕೆ ಹೋಗುತ್ತೆ ಅಂತ ಸುತ್ತೋಲೆ ಬಂದಿತ್ತು. ದೇಶಕ್ಕೆಲ್ಲ ಒಂದೇ ಸುತ್ತೋಲೆ."

"ಯಾವ ವರ್ಷ?"

"ನಿಮ್ಮಪ್ಪನ ಮದುವೆ ವರ್ಷ. ಮದುವೆ ಹಂಡೆಯಲ್ಲೇ ಹಗ್ಗ ಕುದಿಸಿದ್ದೆ, ನಿಮ್ಮಮ್ಮ ಮೂಗು ಮುರಿದಿದ್ಲು."

ಏಳನೇ ವರ್ಷ. ಗೋಧಿ ಜಾರಲು ಶುರುವಾದ ವರ್ಷ.

"ಸ್ಟೀಲ್ ಟೇಪು ಬಂದದ್ದು?"

"ನಿನ್ನ ಹಾಲುಹಲ್ಲು ಬಿದ್ದ ವರ್ಷ."

ಹದಿನಾರನೇ ವರ್ಷ.

ನೆಲದ ಮೇಲೆ ಕೂತುಬಿಟ್ಟೆ. ಒಂದು ಕರಪತ್ರ ತಿರುಗಿಸಿ ಖಾಲಿ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಹಗ್ಗ ಕುಗ್ಗಿದರೆ ಚೌಕ ಕಿರಿದು. ಚೌಕ ಕಿರಿದಾದರೆ ಕಾಳು ಕಡಿಮೆ. ಆದರೆ ಕಚೇರಿಯಲ್ಲಿ ಅದನ್ನು ಪೂರ್ತಿ ಐದು ಮೀಟರ್ ಚೌಕದ ಕಾಳು ಎಂದೇ ಎಣಿಸುತ್ತಾರೆ. ಇಪ್ಪತ್ತೈದು ಚದರ ಮೀಟರಿನ ಬದಲು ಇಪ್ಪತ್ತೆರಡು ಚಿಲ್ಲರೆ. ಹದಿನೈದನೇ ವರ್ಷದ 2,140ನ್ನು ಸರಿಯಾದ ಚೌಕಕ್ಕೆ ಹಿಗ್ಗಿಸಿದೆ.

2,401.

ಮೂರು ಸಲ ಮಾಡಿದೆ. 2,401.

ಗೋಧಿ ಇದೆ. ಹದಿನೈದು ವರ್ಷವೂ ಇತ್ತು, ಅದಕ್ಕೆ ಮುಂಚೆಯೂ ಇತ್ತು. ಆ ವರ್ಷ ಬೆಳೆದದ್ದು ಗೋಧಿಯಲ್ಲ, ಹಗ್ಗ! ನಾನು ನಗಲು ಶುರುಮಾಡಿದೆ. ನಿಲ್ಲಿಸಲಾಗಲಿಲ್ಲ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದಳು.

ಆಮೇಲೆ ಅವಳಿಗೆ ವಿವರಿಸಿದೆ. ವಿವರಿಸಬಾರದಿತ್ತೇನೋ. ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಗಂಟು ಮುಟ್ಟಿದಳು.

"ಒಂಬತ್ತು ವರ್ಷ ನಾನು ತಪ್ಪು ಅಳೆದೆನಾ?"

"ಅವರು ಹೇಳಿದ ಹಾಗೆ ನೀನು ತೊಳೆದೆ, ಅತ್ತೆ."

"ಚೆನ್ನಾಗಿ ತೊಳೆದೆ. ಅದೇ ನೋಡು." ಹಗ್ಗವನ್ನು ಮತ್ತೆ ಸುರುಳಿ ಸುತ್ತಿದಳು. "ಬೀಜ ಕೆಟ್ಟಿದೆ ಅಂತ ಆಗ ಊರೂರಲ್ಲಿ ಹಳೇ ಬೀಜ ಎಸೆಸಿದ್ರು. ಒಬ್ಬಳು ಮುದುಕಿ ಬೀಜದ ಮಡಿಕೆ ತಬ್ಬಿಕೊಂಡು ಕೊಡಲ್ಲ ಅಂತ ಕೂತಿದ್ಲು. ಕೊಡಜ್ಜಿ, ಅಳತೆ ಸುಳ್ಳು ಹೇಳಲ್ಲ ಅಂತ ನಾನೇ ಹೇಳಿ ಕೊಡಿಸಿದೆ."

ಊಟಕ್ಕೆ ಅವಳು ನಾಲ್ಕು ರೊಟ್ಟಿ ಹಾಕಿದಳು. ನಾಲ್ಕೂ ತಿಂದೆ.

ಮೇ 17, ಭಾನುವಾರ

ಎಂಟಕ್ಕೆ ಸರಿಯಾಗಿ ಗಾಡಿ ಬಂತು. ಕಟ್ಟು ಕೊಡುವುದಿಲ್ಲ ಎಂದೆ.

ಅಚ್ಚಣ್ಣ ಮೊದಲು ನಕ್ಕ. ಹಗ್ಗ ತೋರಿಸಿದೆ, ಲೆಕ್ಕ ತೋರಿಸಿದೆ. ಅವನು ಲೆಕ್ಕ ನೋಡಲಿಲ್ಲ, ನನ್ನ ಮುಖ ನೋಡಿದ.

"ಕೆಲಸ ಕಾಯಂ ಮಾಡ್ತೀವಿ ಅಂದ್ರಾ?"

"ಇಲ್ಲ ಅಣ್ಣ. ಬರೆದದ್ದು ತಪ್ಪು."

"ಇದೊಂದು ತಪ್ಪಿರಬಹುದು. ಅವರು ಮಾಡಿದ ಬೇರೆ ಸಾವಿರ ಇಲ್ವಾ? ಇದು ಆ ಸಾವಿರದ ಬದಲು ಅಂದುಕೋ."

ಈ ಮಾತಿಗೆ ಒಂದು ತಿಂಗಳ ಹಿಂದೆ ಚಪ್ಪಾಳೆ ತಟ್ಟುತ್ತಿದ್ದೆ ಅನಿಸುತ್ತದೆ. "ಇದನ್ನು ಓದಿ ನಾಳೆ ಜನ ಕಾಳಿಗೆ ಅಂಗಡಿಗೆ ಮುಗಿಬಿದ್ದರೆ, ಕೊನೆಯಲ್ಲಿ ನಿಂತವರಿಗೆ ಸಿಗಲ್ಲ ಅಣ್ಣ. ಇಲ್ಲದ ಕೊರತೆಯನ್ನ ನಾವೇ ತಂದ ಹಾಗಾಗುತ್ತೆ," ಎಂದೆ.

"ಬದಲಾಗಿಬಿಟ್ಟೆ ತಂಗಿ."

"ಎಲ್ಲಿ ಬದಲಾದೆ? ಸುಳ್ಳು ಬೇಡ ಅಂತ ಹೇಳಿಕೊಟ್ಟವನೇ ನೀನು."

ಅವನು ಕಟ್ಟಿಗೆ ಕೈ ಹಾಕಿದ. ಅತ್ತೆ ಬಂದು ಅದರ ಮೇಲೆ ಕೂತಳು. ಕೂತು, "ಟೀ ಕುಡೀತೀಯೇನಪ್ಪಾ?" ಎಂದು ಕೇಳಿದಳು. ಕುಡಿಯದೇ ಹೋದ. ಬಾಗಿಲಿನವರೆಗೆ ಹೋದವನು ತಿರುಗಿ, "ಕಾಗದ ಆದ್ರೂ ಹಾಳು ಮಾಡಬೇಡ, ಒಳ್ಳೆ ಕಾಗದ," ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬರಬೇಕಿತ್ತು, ಬರಲಿಲ್ಲ.

ಮೇ 18, ಸೋಮವಾರ

ಒಂದು ಕರಪತ್ರವನ್ನು ಮಡಚಿ, ಅದರ ಮೇಲೆ ಹಗ್ಗದ ಸುರುಳಿ ಇಟ್ಟು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಮೊದಲು ಹಗ್ಗದ ವಿಷಯ ಹೇಳಿ, ಆಮೇಲೆ ಕ್ಷಮೆ ಕೇಳೋಣ ಎಂದುಕೊಂಡಿದ್ದೆ. ಅವರು ಹಗ್ಗ ಎತ್ತಿದರು. ಕೆಂಪು ಗಂಟು ಕಂಡದ್ದೇ ಅವರ ಕೈ ನಿಂತಿತು.

"ಇದು ನಿಮ್ಮತ್ತೆ ಹಗ್ಗ ಅಲ್ವಾ? ಗಂಟಿಗೆ ಕೆಂಪು ಬಟ್ಟೆ ಹೊಲಿದಿದ್ದು ಅವರೊಬ್ಬರೇ."

ಹೌದೆಂದೆ. ಅಷ್ಟರಲ್ಲಿ ಕೆಳಗಿನ ಹಾಳೆ ಬಿಚ್ಚಿಕೊಂಡಿತ್ತು. ಅವರು ಓದಿದರು. ಪೂರ್ತಿ ಓದಿದರು. ನಾನು ಅವರ ಅಂಗಿಯ ಗುಂಡಿಗೆ ನೇತಾಡುತ್ತಿದ್ದ ರಬ್ಬರನ್ನೇ ನೋಡುತ್ತಾ ನಿಂತೆ. ಅದು ಸವೆದು ಕಡಲೆಕಾಳಿನಷ್ಟಾಗಿದೆ.

"ಎಂಟರಲ್ಲಿ ಒಂದಲ್ಲ," ಎಂದರು.

"ಸರ್?"

"2,400ರಲ್ಲಿ 260 ಅಂದ್ರೆ ಒಂಬತ್ತರಲ್ಲಿ ಒಂದು ತುತ್ತು. 2,140ರ ಮೇಲೆ ಲೆಕ್ಕ ಹಾಕಿದೀರಿ ನೀವು. ಬೈಯೋವಾಗಲಾದ್ರೂ ಭಾಗಾಕಾರ ಸರಿಯಾಗಿರಬೇಕಲ್ವಾ?" ಹಾಳೆಯನ್ನು ದೂರ ಹಿಡಿದು ಮತ್ತೆ ನೋಡಿದರು. "ಲೆಕ್ಕಗಳ್ಳ ಅನ್ನೋ ಪದ ದಪ್ಪಕ್ಷರದಲ್ಲಿ ಚೆನ್ನಾಗಿ ಬಂದಿದೆ. ಎಷ್ಟು ಹಂಚಿದ್ರಿ?"

"ಒಂದೂ ಇಲ್ಲ ಸರ್. ಇದೊಂದೇ. ನಿಮಗೆ. ತಪ್ಪಾಯ್ತು ಸರ್."

ಅವರು ಎದ್ದು ಹಿಂದಿನ ಕಪಾಟಿನ ತಳದಿಂದ ಒಂದು ಕಡತ ತೆಗೆದರು. ಒಳಗೆ ಹದಿನೈದು ವರ್ಷ ಹಳೆಯ ಟಿಪ್ಪಣಿ, ಅವರದೇ ಅಕ್ಷರ. ಆಗ ಅವರು ಕಿರಿಯ ಗುಮಾಸ್ತ. ನಲವತ್ತು ಹಗ್ಗ ತರಿಸಿ ಅಳೆದಿದ್ದರು. ಒಂದೊಂದರ ಉದ್ದವೂ ಬರೆದಿದೆ: ನಾಲ್ಕು ಎಪ್ಪತ್ತು, ನಾಲ್ಕು ಎಪ್ಪತ್ಮೂರು, ನಾಲ್ಕು ಎಪ್ಪತ್ತೆರಡು. ಸ್ಟೀಲ್ ಟೇಪು ತರಿಸಿ ಎಂದು ಬರೆದವರೂ ಅವರೇ. ಕೊನೆಯಲ್ಲಿ, "ಹಿಂದಿನ ಒಂಬತ್ತು ವರ್ಷಗಳ ಅಂಕಿಗಳನ್ನೂ ತಿದ್ದತಕ್ಕದ್ದು." ಅದರ ಪಕ್ಕ ಬೇರೆ ಶಾಯಿಯಲ್ಲಿ ಒಂದೇ ಪದ: "ನೋಡಿದೆ."

"ಟೇಪು ತರಿಸಿದ್ರು. ತಿದ್ದಲಿಲ್ಲ," ಎಂದರು. "ಆ ವರ್ಷ ಗೋಧಿ ಜಿಗಿದದ್ದಕ್ಕೆ ಮೇಲೆಲ್ಲ ಚಪ್ಪಾಳೆ. ಅದರ ಮಧ್ಯೆ ಹೋಗಿ ಜಿಗಿದಿಲ್ಲ ಸ್ವಾಮಿ, ಹಗ್ಗ ಬದಲಾಯ್ತು ಅಂತ ಎರಡನೇ ಸಲ ಹೇಳೋಕೆ ನಂಗೆ ಧೈರ್ಯ ಬರಲಿಲ್ಲ. ಮೊನ್ನೆ ನೀವು ಕೇಳಿದಾಗಲೂ ಬರಲಿಲ್ಲ. ಲೆಕ್ಕಗಳ್ಳ ಅಲ್ಲ, ಆದ್ರೆ..." ಕಡತವನ್ನು ನನ್ನ ಕಡೆ ತಳ್ಳಿದರು.

"ಈಗ ಹೇಳೋಣ ಸರ್," ಎಂದೆ.

ಸಂಜೆ ಆರರವರೆಗೆ ಇಬ್ಬರೂ ಕೂತು ಒಂಬತ್ತು ವರ್ಷ ತಿದ್ದಿದೆವು. ಮೊದಮೊದಲ ವರ್ಷ ಹಗ್ಗ ಎಷ್ಟು ಕುಗ್ಗಿತ್ತೆಂದು ಯಾರೂ ಬರೆದಿಟ್ಟಿಲ್ಲ, ಆದ್ದರಿಂದ ಅಲ್ಲಿ ಅಂದಾಜು ಎಂದೇ ಬರೆಯಬೇಕೆಂದರು. ಕಾಗದ ಸಾಲದೆ ನನ್ನ ಕರಪತ್ರಗಳನ್ನೇ ತಂದು ಬೆನ್ನ ಮೇಲೆ ಬರೆದೆವು. ಕೊನೆಗೆ ಮೂವತ್ತು ವರ್ಷದ ಗೆರೆ ಎಳೆದಾಗ ಗುಂಡಿಯೂ ಇಲ್ಲ, ಜಿಗಿತವೂ ಇಲ್ಲ. ಬಿದ್ದಿಲ್ಲ, ಹಾರಿಲ್ಲ. ಒಂದೇ ಸಮನೆ, ನಿಧಾನವಾಗಿ, 2,300ರಿಂದ 2,680ಕ್ಕೆ ನಡೆದು ಬಂದಿದೆ. ಇಷ್ಟು ಚೆಂದದ ಗೆರೆಯನ್ನು ನಾನು ನೋಡಿರಲಿಲ್ಲ. ಯಾವ ಸಾಹೇಬನ ಸಾಧನೆಯೂ ಅಲ್ಲ, ಯಾವ ರೈತನ ಉದಾಸೀನವೂ ಅಲ್ಲ.

ಬೀಜದ ಮಡಿಕೆಯ ಮುದುಕಿಯ ವಿಷಯ ಹೇಳಿದೆ. ಬಹಳ ಹೊತ್ತು ಪೆನ್ಸಿಲನ್ನು ತಿರುಗಿಸುತ್ತಿದ್ದರು. ಆಮೇಲೆ, "ಬೀಜ ಕಳಪೆ" ಎಂಬ ಷರಾದ ಕೆಳಗೆ ಅಡಿಟಿಪ್ಪಣಿ ಹಾಕಿ ಎಂದರು. "ಬೀಜದಲ್ಲಿ ದೋಷವಿರಲಿಲ್ಲ, ದೋಷ ಅಳತೆಯಲ್ಲಿತ್ತು." ಅದನ್ನು ಅವರು ಹೇಳಿದರು, ನಾನು ಅವರ ಪೆನ್ಸಿಲಿನಲ್ಲಿ ಬರೆದೆ. ಒಂದು ಪದ ತಪ್ಪಿತು. ಗುಂಡಿಯ ದಾರ ಬಿಚ್ಚಿ ರಬ್ಬರ್ ಕೊಟ್ಟರು.

ಮೇ 20, ಬುಧವಾರ

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಕಚೇರಿಯಲ್ಲೇ ಉಳಿಯಿತು.

ಇವತ್ತು ಸರ್ ಮತ್ತು ನಾನು ನಿರ್ದೇಶಕಿಯ ಕೋಣೆಗೆ ಹೋದೆವು. ಪುಸ್ತಕ ಅಚ್ಚಿಗೆ ಹೋಗಲು ಹತ್ತೇ ದಿನ ಉಳಿದಿದೆ. ತಿದ್ದಿದ ಪಟ್ಟಿಯನ್ನು ಅವರು ನೋಡಿದರು. ತಿರುಗಿಸಿ ಹಿಂಬದಿಯ ದಪ್ಪಕ್ಷರಗಳನ್ನೂ ನೋಡಿದರು.

"ಇದೇನ್ರೀ ಇದು, ಲೆಕ್ಕಗಳ್ಳ?"

"ಅದು ಹಳೇ ಕರಡು ಮೇಡಂ," ಎಂದರು ಸರ್, ಮುಖ ಒಂಚೂರೂ ಬದಲಿಸದೆ.

ನಿರ್ದೇಶಕಿ ಕನ್ನಡಕ ತೆಗೆದಿಟ್ಟರು. "ಒಂಬತ್ತು ವರ್ಷ ಇಡೀ ದೇಶ ತಪ್ಪು ಅಳೀತು, ಕಾರಣ ಬಿಸಿನೀರು. ಇದನ್ನ ಪುಸ್ತಕದಲ್ಲಿ ಹಾಕಿದ್ರೆ ನಗ್ತಾರೆ."

"ನಗಲಿ ಮೇಡಂ," ಎಂದರು ಸರ್. ಅವರ ದನಿ ಅಷ್ಟು ಗಟ್ಟಿಯಾಗಿರುವುದನ್ನು ನಾನು ಕೇಳಿರಲಿಲ್ಲ. "ಇದನ್ನ ಎರಡನೇ ಸಲ ಹೇಳ್ತಾ ಇದೀನಿ. ಮೂರನೇ ಸಲ ಹೇಳೋಕೆ ನನ್ನ ಸರ್ವೀಸ್ ಉಳಿದಿಲ್ಲ."

ನಿರ್ದೇಶಕಿ ಕನ್ನಡಕ ಮತ್ತೆ ಹಾಕಿಕೊಂಡರು. "ಕಣ್ಣೆದುರು ತೋರಿಸಿ. ಹಗ್ಗದ ಚೌಕ ಒಂದು, ಟೇಪಿನ ಚೌಕ ಒಂದು, ಒಂದೇ ಹೊಲದಲ್ಲಿ. ಕೊಯ್ದು, ತೂಗಿ. ಸರಿ ಬಂದರೆ ಸಹಿ ಹಾಕ್ತೀನಿ. ಹಗ್ಗ ಹಿಡಿಯೋಕೆ ಬರೋರು ಯಾರಾದ್ರೂ ಇದಾರಾ ಈಗ?"

ಇದ್ದಾರೆ ಎಂದೆ.

ಮನೆಗೆ ಬಂದು ಹೇಳಿದಾಗ ಅತ್ತೆ ಹಿತ್ತಲಿಗೆ ಹೋಗಿ ಕುಡುಗೋಲು ಮಸೆಯಲು ಕೂತಳು. ಬಹಳ ಹೊತ್ತು ಮಸೆದಳು. ಮಂಡಿ ನೋವೆಂದು ಅಂಗಡಿಗೂ ಹೋಗದವಳು ನಾಲ್ಕು ಗೂಟ ಆರಿಸಿ, ಚೂಪು ಮಾಡಿ, ಚೀಲಕ್ಕೆ ಹಾಕಿದಳು. ಆಮೇಲೆ ಹಗ್ಗವನ್ನು ಕೈಗೆತ್ತಿಕೊಂಡು ಮೂಸಿ ನೋಡಿದಳು.

"ಶಾಯಿ ಮೆತ್ತಿಸಿದೀಯಲ್ಲೇ ಇದಕ್ಕೆ. ತೊಳೀಲಾ?"

"ಬೇಡ ಅತ್ತೆ!" ಎಂದು ಕಿರುಚಿದೆ.

ಅವಳು ನಕ್ಕಳು. ಶನಿವಾರದಿಂದ ಇದೇ ಮೊದಲು.

ನಾನು ಕೊಯ್ಯಬೇಕಂತೆ. ಹೇಗೆಂದು ಅಲ್ಲೇ ತೋರಿಸುತ್ತಾಳಂತೆ. ನಾಳೆ, ಗುರುವಾರ, ಬೆಳಿಗ್ಗೆ ಆರೂವರೆಗೆ, ಊರಾಚೆಯ ಗೋಧಿ ಹೊಲದಲ್ಲಿ, ನೀರಿನ ತೊಟ್ಟಿಯ ಹತ್ತಿರ.